ನಾನು ಮುಟ್ಟದ ತಂಬೂರಿ

ಅವರ ಹೆಸರು ನಾನು ಬರೆಯುವುದಿಲ್ಲ. ಮುಚ್ಚಿಡಬೇಕೆಂದಲ್ಲ. ನಮ್ಮ ಹಾಡುಗಾರಿಕೆಯಲ್ಲಿ ಒಂದು ರೂಢಿ ಇದೆ. ಗುರುವಿನ ಹೆಸರು ಬಾಯಿಗೆ ಬಂತೆಂದರೆ ಬಲಗೈ ತಾನಾಗಿ ಕಿವಿಯ ಹಾಲೆ ಮುಟ್ಟಬೇಕು, ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ ಅನ್ನುವ ಹಾಗೆ. ನನಗೆ ಅದು ಎಷ್ಟು ಅಂಟಿಕೊಂಡಿದೆ ಎಂದರೆ, ಮನಸ್ಸಿನಲ್ಲಿ ಹೆಸರು ಬಂದರೂ ಕೈ ಏಳುತ್ತದೆ. ಒಮ್ಮೆ ಸಿಟಿ ಬಸ್ಸಿನಲ್ಲಿ ಹಿಡಿದ ಕಂಬಿ ಬಿಟ್ಟು ಕಿವಿ ಮುಟ್ಟಿಕೊಳ್ಳಲು ಹೋಗಿ ಮುಂದಿನ ಸೀಟಿನ ಮುದುಕಿಯ ಮೇಲೆ ಬಿದ್ದಿದ್ದೇನೆ. ಹೆಸರು ಬರೆಯಹೋದರೆ ಸಾಲಿಗೊಮ್ಮೆ ಪೆನ್ನು ಕೆಳಗಿಡಬೇಕು. ಅಲ್ಲದೆ ಆ ಮನುಷ್ಯನ ಮೇಲೆ ನನಗಿರುವ ಸಿಟ್ಟನ್ನೂ ಇಲ್ಲಿ ಬರೆಯಬೇಕಾಗಿದೆ. ಕಿವಿ ಹಿಡಿದುಕೊಂಡು ಸಿಟ್ಟು ಬರೆಯಲು ನನಗೆ ಬರುವುದಿಲ್ಲ. ಹಾಗಾಗಿ ಬುವಾ ಎನ್ನುತ್ತೇನೆ. ಪುಣೆಯಲ್ಲಿ ದೊಡ್ಡ ಹಾಡುಗಾರರನ್ನೆಲ್ಲ ಕರೆಯುವುದೇ ಹಾಗೆ.

ಬುವಾ ತೀರಿಕೊಂಡು ನಾಲ್ಕು ತಿಂಗಳಾಯಿತು. ಪತ್ರಿಕೆಗಳಲ್ಲಿ ಫೋಟೋ ಬಂತು, ಹಾರ ಹಾಕಿಕೊಂಡು ಕಣ್ಣು ಮುಚ್ಚಿ ಹಾಡುತ್ತಿರುವುದು. ಕೆಳಗೆ, ಮನುಷ್ಯ ಮನುಷ್ಯರಲ್ಲಿ ಭೇದವಿಲ್ಲವೆಂದು ಹಾಡಿದ ಸಂತಹೃದಯ ಎಂದು ಬರೆದಿದ್ದರು. ಹಾಡಿದ್ದು ಖರೆ. ಅವರು ಹಾಡಿದರೆ ಕಲ್ಲು ಮನಸ್ಸಿನವರೂ ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಿದ್ದರು. ಆದರೆ ಆ ಸಂತಹೃದಯದ ಮನೆಯ ಹೊಸ್ತಿಲನ್ನು ನಾನು ಏಳು ವರ್ಷ ಹೊರಗಿನಿಂದ ನೋಡಿದ್ದೇನೆ. ಅದರ ಮರದಲ್ಲಿ ಎಷ್ಟು ಸೀಳುಗಳಿದ್ದವೆಂದು ಈಗಲೂ ಹೇಳಬಲ್ಲೆ.

ಎಪ್ಪತ್ತರ ದಶಕದ ನಡುವಿನ ಮಾತು. ನಾನು ಪುಣೆಯ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಟ್ರಂಕ್ ಕಾಲ್ ಬುಕ್ ಮಾಡುವ ಮೇಜಿನಲ್ಲಿದ್ದೆ. ಬೇರೆ ಊರಿಗೆ ಮಾತಾಡಬೇಕಾದವರು ನಮಗೆ ನಂಬರು ಕೊಟ್ಟು ತಾಸುಗಟ್ಟಲೆ ಕಾಯಬೇಕಿತ್ತು. ಕಾದು ಕಾದು ಕೊನೆಗೆ ನಮ್ಮನ್ನೇ ಬೈಯುತ್ತಿದ್ದರು. ಹೆಚ್ಚಿನವರು ಮರಾಠಿಯಲ್ಲಿ, ಸಾಹೇಬರಾಗಿದ್ದರೆ ಇಂಗ್ಲಿಷಿನಲ್ಲಿ. ಒಂದು ಮಧ್ಯಾಹ್ನ ಯಾರೋ ಒಬ್ಬರು ಧಾರವಾಡದ ಕಾಲಿಗಾಗಿ ನನ್ನ ಜೊತೆ ಮರಾಠಿಯಲ್ಲಿ ಜಗಳಾಡಿ ಸುಸ್ತಾಗಿ, ತಮ್ಮಷ್ಟಕ್ಕೆ ಕನ್ನಡದಲ್ಲಿ, "ಇವರ ಬಾಯಾಗ ಮಣ್ಣ ಹಾಕ್ಲಿ" ಎಂದರು. ನನಗೆ ನಗು ತಡೆಯಲಾಗಲಿಲ್ಲ.

"ಮಣ್ಣು ಆಮ್ಯಾಲೆ ಹಾಕೀರಂತ್ರಿ. ಮೊದಲ ನಿಮ್ಮ ಧಾರವಾಡ ಬಂದದ, ಮಾತಾಡ್ರಿ" ಎಂದೆ.

ಆ ಕಡೆಯವರು ಧಾರವಾಡವನ್ನು ಮರೆತೇಬಿಟ್ಟರು. "ಯಾರವ್ವಾ ನೀ? ಇನ್ನೊಮ್ಮೆ ಮಾತಾಡು. ನಿನ್ನ ದನಿ ಕಾಳಿ ಚಾರದಾಗ ಕೂತದ, ಗೊತ್ತದೇನು?"

ಕಾಳಿ ಚಾರ್ ಎಂದರೆ ಹಾರ್ಮೋನಿಯಂ ಪೇಟಿಯ ನಾಲ್ಕನೆಯ ಕರಿ ಮನೆ, ಹೆಂಗಸರು ಹಾಡುವ ಶ್ರುತಿ. ಅದು ಆಗ ನನಗೇನು ಗೊತ್ತು? ಏನೋ ಪೋಲಿ ಮಾತಿರಬೇಕು ಎಂದುಕೊಂಡೆ. ಆ ತುದಿಯಲ್ಲಿ ಅವರ ಅಣ್ಣ ಹಲೋ ಹಲೋ ಎಂದು ಒದರುತ್ತಿದ್ದರೆ, ಇವರು ಮೂರು ನಿಮಿಷದ ಕಾಲಿನಲ್ಲಿ ಒಂದು ನಿಮಿಷ ನನ್ನ ಗಂಟಲಿನ ವಿಚಾರಕ್ಕೇ ಕಳೆದರು. ಆಮೇಲೆ ಕೆಲಸವಿದ್ದರೂ ಇಲ್ಲದಿದ್ದರೂ ತಾವಿದ್ದ ವಾಡೆಯ, ಹತ್ತು ಬಿಡಾರಗಳ ಹಳೆಯ ಮನೆಯ, ಮಾಲೀಕನ ಫೋನಿನಿಂದ ಕಾಲ್ ಬುಕ್ ಮಾಡುವುದು, ನಾನು ಸಿಕ್ಕರೆ "ಬರ್ತೀಯೋ ಇಲ್ಲೋ ಕಲೀಲಿಕ್ಕೆ?" ಎಂದು ಕೇಳುವುದು. ಅಪ್ಪನಿಗೆ ಹೇಳಿದೆ. ನಮ್ಮಪ್ಪ ರಾಯಚೂರು ಕಡೆಯಿಂದ ಬಂದು ಮೊದಲು ಕಟ್ಟಡಗಳಲ್ಲಿ ಕಲ್ಲು ಹೊತ್ತು, ಆಮೇಲೆ ಮಾರ್ಕೆಟ್ ಯಾರ್ಡಿನಲ್ಲಿ ಈರುಳ್ಳಿ ಚೀಲ ಹೊತ್ತವನು. ಸಂಜೆ ಏಕತಾರಿ ಹಿಡಿದು ತತ್ವಪದ ಹಾಡುತ್ತಿದ್ದ. "ಹಾಡು ಕಲಸ್ತೀನಿ ಅಂತ ತಾವಾಗೇ ಕರ್ದಾರಂದ್ರ ಸಣ್ಣ ಮಾತಲ್ಲವ್ವಾ, ಹೋಗು" ಎಂದ.

ಸದಾಶಿವ ಪೇಟೆಯ ಆ ವಾಡೆಗೆ ಒಂದು ಬೆಳಿಗ್ಗೆ ಹೋದೆ. ಬುವಾ ಬಾಗಿಲಿಗೇ ಬಂದರು. ಗಿಡ್ಡ ಆಳು, ಮೂಗಿನ ಕೆಳಗೆ ನಶ್ಯದ ಕಂದು ಕಲೆ, ಬನಿಯನ್ನಿನಲ್ಲಿ ಎರಡು ತೂತು. ಮುಖದಲ್ಲಿ ಎಂಥ ಸಂತೋಷ! ತಮ್ಮ ಮಗಳೇ ತವರಿಗೆ ಬಂದಿದ್ದಾಳೇನೋ ಅನ್ನುವಂತೆ. "ನೀನೇನವ್ವಾ ಕಾಳಿ ಚಾರ್? ಬಾ ಬಾ ಬಾ" ಎಂದರು. ನಾನು ಚಪ್ಪಲಿ ಬಿಡುತ್ತಿದ್ದಾಗ, ನಮ್ಮ ಕಡೆಯವರೆಲ್ಲ ಕೇಳುವ ಪ್ರಶ್ನೆಯನ್ನು ಕೇಳಿದರು. ಯಾವ ಊರು, ಯಾವ ಮಂದಿ?

ನಾನು ಸುಳ್ಳು ಹೇಳಬಹುದಿತ್ತು. ಸೀರೆ ಇಸ್ತ್ರಿಯದು, ಮಾತು ತಿದ್ದಿದ್ದು, ಕೆಲಸ ಸರಕಾರದ್ದು. ಹೇಳಲಿಲ್ಲ. ಊರ ಹೊರಗಿನ ಕೇರಿಯವರು ಎಂದೆ.

ಬುವಾ ನಶ್ಯದ ಡಬ್ಬಿ ತೆಗೆದರು. ಏರಿಸಲಿಲ್ಲ, ಮುಚ್ಚಿದರು. ಮತ್ತೆ ತೆಗೆದರು. ಒಳಗೆ ಹೋಗಿ ಹೆಂಡತಿಯ ಜೊತೆ ಏನೋ ಮಾತಾಡಿ ಬಂದರು. ಅಷ್ಟರಲ್ಲಿ ಆ ಸಂತೋಷ ಮುಖದಿಂದ ಇಳಿದಿತ್ತು. ಆದರೆ ಆಸೆ ಇಳಿದಿರಲಿಲ್ಲ. ಅದೇ ನನ್ನ ಪಾಡಿಗೆ ಮೂಲವಾಯಿತು. "ನೋಡವ್ವಾ, ಒಳಗ ನಮ್ಮ ಗುರುಗಳ ತಂಬೂರಿ ಅದ, ದೇವರ ಪೀಠ ಅದ. ನೀ ಇಲ್ಲೇ ಹೊರಗ ಓಸರಿ ಕಟ್ಟಿ ಮ್ಯಾಲೆ ಕೂಡು. ನಾ ಒಳಗ ಕೂಡ್ತೀನಿ. ಬಾಗಲಾ ತಗದಿರ್ತದ. ದನಿಗೇನು ಗ್ವಾಡಿ ಇರ್ತದೇನು?"

ಮನೆಗೆ ಬಂದು ಅತ್ತುಬಿಟ್ಟೆ. ಅಪ್ಪ ಹೆಗಲಿನ ಟವೆಲು ಕೊಡವಿ ಮಡಚಿಟ್ಟ. ಆಮೇಲೆ, "ಹೊರಗ ಕುಂದರಿಸಿದ್ರ ಹೊರಗ ಕುಂದ್ರು. ಕಲ್ತು ಬಾ. ಬರೀ ಕೈಲೆ ಬರಬ್ಯಾಡ" ಎಂದ. ನಮ್ಮ ಜನರೇ ಇದ್ದ ವಸ್ತಿಯ ಹುಡುಗರು ಮಾತ್ರ ಬಿಡಲಿಲ್ಲ. ಮೀಸಲಾತಿಯಲ್ಲಿ ಕುರ್ಚಿ ಸಿಕ್ಕ ಮೇಲೂ ಹೋಗಿ ಭಟ್ಟನ ಕಟ್ಟೆ ಮೇಲೆ ನೆಲಕ್ಕೆ ಕೂಡುತ್ತೀಯಲ್ಲ, ನಾಚಿಕೆ ಇಲ್ಲವೇ ಎಂದರು. ಅವರು ಹೇಳಿದ್ದು ಸರಿ. ನಾನು ಹೋದೆ. ಹೊಟ್ಟೆಗೆ ಹಸಿವಾದರೆ ಮನುಷ್ಯ ತಡೆದುಕೊಳ್ಳುತ್ತಾನೆ, ನನಗೆ ಆ ದನಿಯನ್ನು ತಡೆದುಕೊಳ್ಳಲು ಆಗಲಿಲ್ಲ.

ಒಳಗೆ ಜಮಖಾನೆಯ ಮೇಲೆ ನಾಲ್ಕೈದು ಜನ. ಅವರಲ್ಲಿ ಕುಸುಮಾ ಒಬ್ಬಳೇ ನನಗೆ ಗೆಳತಿಯಾದಳು. ಖಡಕಿಯಿಂದ ಸೈಕಲ್ ತುಳಿದುಕೊಂಡು ಬರುತ್ತಿದ್ದಳು, ಅವಳಪ್ಪ ಅಲ್ಲಿಯ ಮದ್ದುಗುಂಡಿನ ಕಾರ್ಖಾನೆಯಲ್ಲಿ ಗುಮಾಸ್ತ. ಸರದಿಯ ಮೇಲೆ ಅವರು ತಂಬೂರಿ ಮೀಟುತ್ತಿದ್ದರು. ಹೊರಗೆ ನಾನು, ಒಂದು ಕಂಬ, ಬುವಾ ಅವರ ಕೆಮ್ಮುವ ಬೆಕ್ಕು. ಎದುರು ಗಲ್ಲಿಯಲ್ಲಿ ತರಕಾರಿಯವಳ ಕೂಗು, ಹಾಲಿನವನ ಗಂಟೆ, ನೀರಿಗಾಗಿ ಜಗಳ. ಇಷ್ಟರ ನಡುವೆ ಒಳಗಿನ ತಂಬೂರಿಯ ಎಳೆಯನ್ನು ಕಿವಿಯಿಂದ ಹೆಕ್ಕಿಕೊಳ್ಳಬೇಕು. ನಾನು ಬೆನ್ನನ್ನು ಕಂಬಕ್ಕೆ ಒತ್ತಿ ಕೂಡುತ್ತಿದ್ದೆ. ಕಟ್ಟಿಗೆಯಲ್ಲಿ ತಂಬೂರಿಯ ನಡುಕ ಬರುತ್ತಿತ್ತು, ಬೆನ್ನಿನಿಂದ ಷಡ್ಜ ಕೇಳುತ್ತಿದ್ದೆ. ಎರಡು ವರ್ಷದಲ್ಲಿ ನನ್ನ ಶ್ರುತಿ ಮೊಳೆ ಹೊಡೆದಂತೆ ನಿಂತಿತು. ಬುವಾ ಒಳಗಿನವರನ್ನು ಬೈಯುತ್ತಿದ್ದರು: "ತೊಡಿ ಮ್ಯಾಲೆ ತಂಬೂರಿ ಇಟಗೊಂಡು ಬೇಸೂರ ಆಗ್ತೀರಲ್ಲೋ! ಹೊರಗಿನಾಕಿನ್ನ ನೋಡ್ರಿ. ಆಕಿ ಶ್ರುತಿ ನೋಡ್ರಿ!"

ಹೊರಗಿನಾಕಿ. ನನ್ನ ಹೆಸರು ಅವರಿಗೆ ಗೊತ್ತಿತ್ತು, ಆದರೂ ಹಾಗೇ ಕರೆಯುತ್ತಿದ್ದರು. ಮತ್ತು ನನಗೆ, ಸುಳ್ಳು ಯಾಕೆ ಹೇಳಲಿ, ಅದನ್ನು ಕೇಳಿ ಹೆಮ್ಮೆಯಾಗುತ್ತಿತ್ತು.

ಕಲಿಸುವುದರಲ್ಲಿ ಅವರು ನನಗೆ ಒಂದು ಕಾಳಷ್ಟೂ ಕಡಿಮೆ ಮಾಡಲಿಲ್ಲ. ಇದನ್ನು ಬರೆಯದೆ ಹೋದರೆ ನಾನೂ ಅನ್ಯಾಯ ಮಾಡಿದ ಹಾಗೆ. ತಮ್ಮ ಗುರುಗಳು ಸಾಯುವ ಮೊದಲು ಕೊಟ್ಟ ಎರಡು ಚೀಜುಗಳನ್ನು, ರಾಗಕ್ಕೆ ಕೂಡಿಸಿದ ಹಳೆಯ ಹಾಡುಗಳನ್ನು, ಅವರು ಬೇರೆ ಯಾರಿಗೂ ಹೇಳಿಕೊಡಲಿಲ್ಲ, ನನಗೆ ಹೇಳಿಕೊಟ್ಟರು. ಒಂದು ಮೀಂಡಿಗಾಗಿ, ಅಂದರೆ ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವುದಕ್ಕಾಗಿ, ನನ್ನನ್ನು ಹದಿನೈದು ದಿನ ಕಾಡಿದರು. "ಸ್ವರಾ ಮ್ಯಾಲಿಂದ ಕೆಳಗ ಒಗೀಬಾರದವ್ವಾ. ಕೈ ಹಿಡದು ಕರಕೊಂಡು ಹೋಗಬೇಕು. ಹೋಗಿ ಮುಂದಿನ ಸ್ವರದ ಕೈಯಾಗ ಕೈ ಕೊಟ್ಟು ಬರಬೇಕು" ಎನ್ನುತ್ತಿದ್ದರು. ಹೀಗೆ ಹೇಳಿ ಮುಗಿಸಿ, ಪ್ರಸಾದದ ಕಲ್ಲುಸಕ್ಕರೆಯನ್ನು ನನ್ನ ಅಂಗೈಗೆ ಒಂದು ಗೇಣು ಮೇಲಿನಿಂದ ಬಿಡುತ್ತಿದ್ದರು.

ಎಲ್ಲವನ್ನೂ ಮೇಲಿನಿಂದಲೇ ಬಿಡುತ್ತಿದ್ದರು. ಒಮ್ಮೆ ನನಗೆ ಗಂಟಲು ಬಿದ್ದು ವಾರ ಪೂರ್ತಿ ಪಾಠಕ್ಕೆ ಹೋಗಿರಲಿಲ್ಲ. ಬಿಸಿಲಿನಲ್ಲಿ ಎಕ್ಸ್‌ಚೇಂಜಿನವರೆಗೆ ನಡೆದು ಬಂದು ಬುವಾ ಗೇಟಿನಲ್ಲಿ ನಿಂತಿದ್ದರು. ಧೋತರದ ಅಂಚಿಗೆಲ್ಲ ಧೂಳು. ಕಾಗದದಲ್ಲಿ ಜ್ಯೇಷ್ಠಮಧು ಕಟ್ಟಿ ತಂದಿದ್ದರು, ಮನೆಯಲ್ಲಿ ತಾವೇ ಕುಟ್ಟಿ. "ಬಾಯಾಗ ಇಟಗೋ, ಮಾತಾಡಬ್ಯಾಡ, ಸಾಹೇಬಗ ನಾ ಹೇಳ್ತೀನಿ ಬೇಕಾದ್ರ" ಎಂದರು. ಆ ಕಾಗದವನ್ನೂ ಮೇಲಿನಿಂದ ಬಿಟ್ಟರು. ಅದು ತಪ್ಪಿ ನೆಲಕ್ಕೆ ಬಿತ್ತು. ಇಬ್ಬರೂ ಬಗ್ಗಿದೆವು. ಅವರು ಅರ್ಧಕ್ಕೆ ನಿಂತುಬಿಟ್ಟರು. ಮೇಜಿಗೆ ಹಿಂತಿರುಗಿ ಜ್ಯೇಷ್ಠಮಧು ಚೀಪುತ್ತ, ಈ ಮನುಷ್ಯನನ್ನು ಏನು ಮಾಡಲಿ ದೇವರೇ ಎಂದು ಅಳು ಬಂತು.

ಚಹಾಕ್ಕೆ ನನ್ನ ಗಾಜಿನ ಗ್ಲಾಸು ಬೇರೆ. ಓಸರಿಯ ಗೋಡೆಯ ಮೊಳೆಗೆ ತಂತಿ ಕಟ್ಟಿ ತೂಗುಹಾಕಿದ್ದರು. ಕುಡಿದು ನಾನೇ ತೊಳೆದು ಮತ್ತೆ ತೂಗುಹಾಕಬೇಕು. ಒಮ್ಮೆ ಕುಸುಮಾ ಬೇಕೆಂದೇ ಒಳಗಿನ ಸ್ಟೀಲಿನ ಕಪ್ಪಿನಲ್ಲಿ ಚಹಾ ತಂದು ಕೊಟ್ಟಳು. ಬುವಾ ನೋಡಿದರು. ಬೈಯಲಿಲ್ಲ, ಬಿಡಲಿಲ್ಲ. ಮರುದಿನ ಆ ಕಪ್ಪಿನಲ್ಲಿ ಬೆಕ್ಕು ಹಾಲು ಕುಡಿಯುತ್ತಿತ್ತು.

ಅಪ್ಪ ವರ್ಷಕ್ಕೊಮ್ಮೆ ಜೇಜುರಿಯ ಖಂಡೋಬಾನ ಗುಡಿಗೆ ಹೋಗುತ್ತಿದ್ದ. ಖಂಡೋಬಾ ನಮಗೆ ಮೈಲಾರಲಿಂಗ. ಬುವಾ ಅವರ ಮನೆದೇವರೂ ಅವನೇ ಎಂದು ಗೊತ್ತಾದಾಗ ಅಪ್ಪನಿಗೆ ಎಲ್ಲಿಲ್ಲದ ಖುಷಿ. ಬೆವರಿನ ಅಂಗಿಯ ಕಿಸೆಯಲ್ಲಿ ಅರಿಶಿನ ಭಂಡಾರದ ಪುಡಿಕೆ ಇಟ್ಟುಕೊಂಡು ಬಂದು, ನಿಮ್ಮ ಬುವಾಗೆ ಕೊಡು ಎಂದ. ಕೊಟ್ಟೆ, ಹೊಸ್ತಿಲ ಮೇಲೆ ಇಟ್ಟು. ಅವರು ತೆಗೆದುಕೊಂಡು ಹಣೆಗೆ ಹಚ್ಚಿಕೊಂಡು, ಚಿಟಿಕೆ ಬಾಯಿಗೂ ಹಾಕಿಕೊಂಡರು. ನಾನು ನೋಡುತ್ತಿದ್ದುದನ್ನು ಕಂಡು, "ಭಂಡಾರಕ್ಕ ಮೈಲಿಗಿ ಇಲ್ಲವ್ವಾ" ಎಂದರು. ನಮ್ಮಪ್ಪನ ಕಿಸೆಯಲ್ಲಿ ಮೂರು ದಿನ ಇದ್ದ ಭಂಡಾರಕ್ಕೆ ಇಲ್ಲದ ಮೈಲಿಗೆ ನಮ್ಮಪ್ಪನಿಗೆ ಹೇಗೆ ಬಂತೆಂದು ಕೇಳಬೇಕಿತ್ತು. ಕೇಳಲಿಲ್ಲ. ಅಂದು ಹೊಸ ರಾಗ ಶುರು ಮಾಡುವವರಿದ್ದರು.

ನನಗೆ ಬೇಕಾಗಿದ್ದುದು ಒಂದೇ. ಅವರ ಶಿಷ್ಯೆ ಅನ್ನಿಸಿಕೊಳ್ಳಬೇಕು. ಅದಕ್ಕೊಂದು ಕ್ರಮ ಇದೆ. ಗುರು ಕೆಂಪು ದಾರ ಮಂತ್ರಿಸಿ ಶಿಷ್ಯರ ಮಣಿಕಟ್ಟಿಗೆ ಕಟ್ಟಬೇಕು. ಗಂಡಾ ಕಟ್ಟುವುದು ಎನ್ನುತ್ತಾರೆ. ಅದಾದ ಮೇಲೆ ಎಲ್ಲಿ ಹಾಡಿದರೂ ಗುರುವಿನ ಹೆಸರು ಹೇಳಿ ಹಾಡಬಹುದು, ಮೊದಲು ಹೇಳುವಂತಿಲ್ಲ. ಐದನೆಯ ವರ್ಷದ ಗುರುಪೂರ್ಣಿಮೆಗೆ ಬುವಾ ಕುಸುಮಾಗೆ, ಇನ್ನಿಬ್ಬರಿಗೆ ಕಟ್ಟಿದರು. ಬೆಲ್ಲ-ಕಡಲೆ ತಿನ್ನಿಸಿದರು. ಆಮೇಲೆ ಹೊಸ್ತಿಲಿಗೆ ಬಂದರು. ನಾನು ಬಲಗೈ ಚಾಚಿದೆ. ಏಳೆಂಟು ಜನ ನೋಡುತ್ತಿದ್ದರು. ಬುವಾ ದಾರ ಬಿಡಿಸಿ ಹಿಡಿದರು, ಮತ್ತೆ ಮಡಚಿದರು. ಅವರು ದಾರವನ್ನು ನನ್ನ ಅಂಗೈಗೆ ಬಿಟ್ಟು, "ಮಂತ್ರಿಸೇನಿ. ನೀನ ಕಟಗೋ" ಎಂದು ಒಳಗೆ ಹೋದರು.

ಒಂದೇ ಕೈಯಿಂದ ಕಟ್ಟಿಕೊಳ್ಳಲು ಬರುತ್ತದೆಯೇ? ಹಲ್ಲಿನಿಂದ ಕಚ್ಚಿ ನೋಡಿದೆ, ಜಾರಿತು. ಕುಸುಮಾ ಎದ್ದು ಬರುತ್ತಿದ್ದಳು, ಬೇಡವೆಂದು ಕಣ್ಣಿನಲ್ಲೇ ಹೇಳಿದೆ. ದಾರವನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ನೇರ ಮಾರ್ಕೆಟ್ ಯಾರ್ಡಿಗೆ ಹೋದೆ. ಅಪ್ಪ ಲಾರಿಯಿಂದ ಚೀಲ ಇಳಿಸುತ್ತಿದ್ದವನು ಇಳಿದು ಬಂದ. ಏನಾಯಿತೆಂದು ಹೇಳಿದೆ. ಅವನು ಕೈಯ ಧೂಳನ್ನು ಅಂಗಿಗೆ ಒರೆಸಿಕೊಂಡು, ಆ ದಾರ ತೆಗೆದುಕೊಂಡು ಕಣ್ಣಿಗೊತ್ತಿಕೊಂಡು ಕಟ್ಟಿದ. ಅವನಿಗೆ ಗೊತ್ತಿದ್ದುದು ಚೀಲದ ಬಾಯಿ ಕಟ್ಟುವ ಗಂಟು ಒಂದೇ, ಅದನ್ನೇ ಹಾಕಿದ. "ಇನ್ನ ಇದು ಬಿಚ್ಚಂಗಿಲ್ಲವ್ವಾ" ಎಂದ. ಬಿಚ್ಚಲಿಲ್ಲ. ಕುಸುಮಾಳ ದಾರ ತಿಂಗಳೊಪ್ಪತ್ತಿನಲ್ಲಿ ಸಡಿಲಾಗಿ ಬಿತ್ತು, ನನ್ನದು ಬಣ್ಣ ಹೋಗಿ, ಜೂಲಾಗಿ, ಎರಡು ವರ್ಷ ಮಣಿಕಟ್ಟಿನಲ್ಲೇ ಇತ್ತು.

ಅಪ್ಪನ ಪದದ ವಿಚಾರಕ್ಕೆ ಬರಬೇಕು. ಒಂದು ಬೆಳಿಗ್ಗೆ ಬುವಾ ನಶ್ಯ ಏರಿಸುತ್ತ, "ನಿಮ್ಮಪ್ಪಾ ಹಾಡ್ತಾನಂತಲ್ಲ, ಒಂದು ಹೇಳು, ಕೇಳೂಣು" ಎಂದರು. ನಮ್ಮ ಕೇರಿಯಲ್ಲಿ ಹಿರಿಯರು ಹಾಡುತ್ತಿದ್ದ ಪದವೊಂದಿತ್ತು. ಅದಕ್ಕೆ ಅಪ್ಪ ತನ್ನದೇ ಮಾತು ಸೇರಿಸಿ, ತನ್ನದೇ ಧಾಟಿ ಕೂಡಿಸಿ ಹಾಡುತ್ತಿದ್ದ. ಮನೆ ಕಟ್ಟಿದವನಿಗೆ ಮನೆಯೊಳಗೆ ಜಾಗವಿಲ್ಲ. ಅವನು ಹೊರಗೆ ಕುಳಿತದ್ದನ್ನು ಕಂಡು ದೇವರಿಗೆ ಒಳಗೆ ಕೂಡಲಾಗದೆ, ತಾನೂ ಎದ್ದು ಬಂದು ಅವನ ಪಕ್ಕದಲ್ಲಿ ಕಟ್ಟೆಯ ಮೇಲೆ ಕುಳಿತ. ಅಷ್ಟೇ ಅದರ ಅರ್ಥ. ಹಾಡಿದೆ. ಎಲ್ಲಿ ಕುಳಿತು ಹಾಡಿದೆ ಎಂದು ಮತ್ತೆ ಹೇಳಬೇಕಿಲ್ಲ.

ಬುವಾ ಅತ್ತರು. ಮೂಗಿನ ನಶ್ಯ, ಕಣ್ಣೀರು ಎಲ್ಲ ಒಂದಾಗಿ ಧೋತರದಿಂದ ಒರೆಸಿಕೊಂಡು, "ಇನ್ನೊಮ್ಮೆ, ಇನ್ನೊಮ್ಮೆ" ಎಂದು ನಾಲ್ಕು ಸಲ ಹಾಡಿಸಿದರು. ಅರ್ಥ ತಿಳಿಯಲಿಲ್ಲ ಎನ್ನಲೇ? ಪೂರ್ತಿ ತಿಳಿಯಿತು. ತಿಳಿದು ಅತ್ತು, ಎದ್ದು, ತಂಬೂರಿಗೆ ಗವಸು ಹಾಕಿ, ಎಂದಿನಂತೆ ಕಲ್ಲುಸಕ್ಕರೆ ಮೇಲಿನಿಂದ ಬಿಟ್ಟರು. ತಿಳಿಯದವರಾಗಿದ್ದರೆ ನನಗೆ ಇಷ್ಟು ನೋವಾಗುತ್ತಿರಲಿಲ್ಲ.

ಆ ವರ್ಷದಿಂದ ಅವರ ಕಛೇರಿಗಳು ಆ ಪದದಿಂದಲೇ ಮುಗಿಯತೊಡಗಿದವು. ಗಣಪತಿ ಹಬ್ಬದಲ್ಲಿ ರಸ್ತೆಯ ಮೇಲಿನ ಪೆಂಡಾಲಿನಲ್ಲಿ ಅವರ ಹಾಡಿತ್ತು. ರಸ್ತೆಗೆ ಹೊಸ್ತಿಲಿಲ್ಲವಲ್ಲ, ಅಪ್ಪನನ್ನೂ ಕರೆದುಕೊಂಡು ಹೋದೆ. ಕೊನೆಗೆ ಬುವಾ, "ನಮ್ಮ ಕಡೆಯದೊಂದು ಹಳೇ ಪದ" ಎಂದು ಹೇಳಿ ಶುರು ಮಾಡಿದರು. ಯಾರದೆಂದು ಹೇಳಲಿಲ್ಲ. ನನ್ನ ಮೈ ಉರಿಯಿತು. ಅಪ್ಪನ ಕಡೆ ನೋಡಿದರೆ ಅವನು ಬಾಯಿ ತೆರೆದು, ಎರಡೂ ಕೈ ಎದೆಯ ಮೇಲಿಟ್ಟುಕೊಂಡು ಕೇಳುತ್ತಿದ್ದಾನೆ. ಮುಗಿದ ಮೇಲೆ, "ಯವ್ವಾ, ನಾ ಹಾಡಿದ್ರ ಅದು ಬರೀ ಪದ. ಅಂವಾ ಹಾಡಿದ್ರ ದೇವರು ಖರೇನ ಎದ್ದು ಬಂದಂಗಾತು" ಎಂದ. ಮನೆ ಮುಟ್ಟುವವರೆಗೂ ಅದನ್ನೇ ಗುನುಗುತ್ತಿದ್ದ, ತನ್ನ ಧಾಟಿಯಲ್ಲಲ್ಲ, ಬುವಾ ಅವರ ಧಾಟಿಯಲ್ಲಿ.

ಎಂಬತ್ತರ ದಶಕದ ಶುರುವಿನಲ್ಲಿ ಅಪ್ಪ ಸತ್ತ. ಚೀಲ ಹೊತ್ತ ಎದೆ ಒಳಗಿಂದ ಸವೆದಿತ್ತು. ಬೆಳಗಿನ ಜಾವ ಹೋದ. ಮಣ್ಣು ಮಾಡುವುದು ಮಧ್ಯಾಹ್ನಕ್ಕೆ ಎಂದು ಹಿರಿಯರು ಹೇಳಿದರು. ನನಗೆ ಏನು ತೋಚಿತೋ, ಎದ್ದು ಸದಾಶಿವ ಪೇಟೆಗೆ ಹೋದೆ. ಬುವಾ ಒಬ್ಬರೇ ಇದ್ದರು. ಹೊಸ್ತಿಲ ಹೊರಗೆ ನಿಂತು ಹೇಳಿದೆ.

ಅವರು ಎದ್ದು ಹೊಸ್ತಿಲವರೆಗೆ ಬಂದರು. "ದೊಡ್ಡ ಹಾಡುಗಾರ ಇದ್ದಾ ನಿಮ್ಮಪ್ಪಾ" ಎಂದರು.

"ಮಣ್ಣಿಗೆ ಬರ್ರಿ ಬುವಾ. ಬಂದು ಆ ಪದ ಒಂದು ಹಾಡ್ರಿ. ಮತ್ತೇನೂ ಬ್ಯಾಡ."

ಅವರ ಕೈ ನಶ್ಯದ ಡಬ್ಬಿಗೆ ಹೋಯಿತು. ತೆಗೆದರು, ಮುಚ್ಚಿದರು. ಆಗಲೇ ನನಗೆ ಗೊತ್ತಾಯಿತು. "ನಾ ಅಲ್ಲಿ ಹೆಂಗ ಬರಲವ್ವಾ... ವಸ್ತಿಯೊಳಗ... ನೀನ ವಿಚಾರ ಮಾಡು. ಇಲ್ಲೇ ಕೂತು ಹಾಡ್ತೀನಿ. ಎಲ್ಲಿ ಕೂತು ಹಾಡಿದ್ರೂ ಅಂವಗ ಮುಟ್ತದ."

ನಾನು ತಿರುಗಿ ಮೆಟ್ಟಿಲು ಇಳಿದೆ. ಗಲ್ಲಿಯ ತಿರುವಿಗೆ ಬರುವಷ್ಟರಲ್ಲಿ ಹಿಂದಿನಿಂದ ತಂಬೂರಿ ಕೇಳಿತು. ಆಮೇಲೆ ದನಿ. ಅಯ್ಯೋ, ಹೇಗೆ ಹಾಡಿದರು! ಅಷ್ಟು ವರ್ಷದಲ್ಲಿ ಹಾಗೆ ಹಾಡಿದ್ದನ್ನು ನಾನು ಕೇಳಿರಲಿಲ್ಲ. ಕೇಳುವವರಿಗಾಗಿ ಹಾಡಿದ್ದಲ್ಲ ಅದು. ನನ್ನ ಕಾಲು ನಿಂತವು. ಹೋಗಬೇಕು, ಮನೆಯಲ್ಲಿ ಹೆಣ ಇದೆ, ಜನ ಕಾಯುತ್ತಿದ್ದಾರೆ. ಗೋಡೆಗೆ ಆತು ಕೊನೆಯವರೆಗೂ ಕೇಳಿದೆ. ಅಪ್ಪನನ್ನು ಮನೆಯಲ್ಲಿ ಮಲಗಿಸಿ, ಅವನ ಮಣ್ಣಿಗೆ ಬಾರದ ಮನುಷ್ಯನ ಹಾಡನ್ನು ಗಲ್ಲಿಯಲ್ಲಿ ನಿಂತು ಕೇಳಿದ ಮಗಳು ನಾನು. ಬುವಾ ಅವರನ್ನು ಕ್ಷಮಿಸುವ ಮಾತು ಆಮೇಲೆ, ಇದಕ್ಕೆ ನನ್ನನ್ನು ನಾನು ಇನ್ನೂ ಕ್ಷಮಿಸಿಕೊಂಡಿಲ್ಲ.

ಮನೆಗೆ ಬಂದು ಬ್ಲೇಡಿನಿಂದ ದಾರ ಕತ್ತರಿಸಿ ಅಪ್ಪನ ಅಂಗಿಯ ಕಿಸೆಯಲ್ಲಿ ಇಟ್ಟೆ. ಗಂಟು ಹಾಗೇ ಇತ್ತು.

ಮತ್ತೆ ಆ ವಾಡೆಗೆ ಹೋಗಲಿಲ್ಲ. ಐದಾರು ವರ್ಷ ಕಳೆದವು. ಬುವಾ ಅವರಿಗೆ ಪಾರ್ಶ್ವವಾಯು ಬಡಿದು ದನಿ ಹೋಯಿತು ಎಂದು ಕುಸುಮಾ ಹೇಳಿದಳು. ತೊದಲು ಮಾತಿನಲ್ಲಿ ಒಂದೆರಡು ಸಲ, "ಹೊರಗಿನಾಕಿ ಬರಲಿಲ್ಲೇನು?" ಎಂದು ಕೇಳಿದರಂತೆ. ಹೋಗಲೋ ಬೇಡವೋ ಎಂದು ಎಣಿಸುತ್ತ ಒಂದು ಮಳೆಗಾಲ ಕಳೆದೆ. ಅಷ್ಟರಲ್ಲಿ ಅವರು ಹೋಗಿಬಿಟ್ಟರು.

ಶ್ರದ್ಧಾಂಜಲಿ ಸಭೆಗೆ ಕುಸುಮಾ ಕೈ ಹಿಡಿದು ಎಳೆದುಕೊಂಡು ಹೋದಳು. ಆ ಪದವನ್ನು ನೀನೇ ಹಾಡಬೇಕು ಎಂದಳು. ಪುಣೆಯ ಕನ್ನಡದವರೆಲ್ಲ ಸೇರಿ ಸಭಾಭವನ ತುಂಬಿತ್ತು. ಮುಂದಿನ ಸಾಲಿನಲ್ಲಿ ಬುವಾ ಅವರ ಹೆಂಡತಿ, ನಾವೆಲ್ಲ ಕಾಕು ಅನ್ನುತ್ತಿದ್ದವರು. ಒಬ್ಬರಾದ ಮೇಲೊಬ್ಬರು ಎದ್ದು ಬುವಾ ಮೇಲು ಕೀಳು ಎಣಿಸದ ಮನುಷ್ಯ ಎಂದರು. ನಾನೂ ನಾಲ್ಕು ಒಳ್ಳೆಯ ಮಾತು ಬರೆದುಕೊಂಡು ಹೋಗಿದ್ದೆ, ಎಲ್ಲ ಖರೆಯವೇ: ಜ್ಯೇಷ್ಠಮಧು, ಮೀಂಡು, ಬಿಸಿಲಿನಲ್ಲಿ ನಡೆದು ಬಂದದ್ದು. ಉಳಿದದ್ದನ್ನು ನುಂಗಿಬಿಡೋಣ, ಸತ್ತವರ ಮೇಲೆ ಏನು ಸಿಟ್ಟು ಎಂದುಕೊಂಡಿದ್ದೆ.

ಶಿಷ್ಯರು ಒಬ್ಬೊಬ್ಬರಾಗಿ ಗುರುಗಳ ಹಳೆಯ ತಂಬೂರಿಯನ್ನು ತೊಡೆಯ ಮೇಲಿಟ್ಟುಕೊಂಡು ಹಾಡಿದರು. ನನ್ನ ಸರದಿ ಬಂತು. ಕುಸುಮಾ ತಂಬೂರಿ ತಂದು ನನ್ನ ಮುಂದೆ ಹಿಡಿದಳು. ಅವಳಿಗೂ ಹೊಳೆದಿರಲಿಲ್ಲ, ನನಗೂ ಹೊಳೆದಿರಲಿಲ್ಲ. ನಾನು ಅದರ ಕಡೆ ನೋಡಿದೆ. ಯಾವ ಬೆರಳು ಯಾವ ತಂತಿಗೆ ಎಂದು ನನಗೆ ಗೊತ್ತಿಲ್ಲ. ಏಳು ವರ್ಷ ಅದರ ದನಿಯನ್ನು ಬೆನ್ನಿನಿಂದ ಕೇಳಿದವಳಿಗೆ ಅದನ್ನು ಎತ್ತಿಕೊಳ್ಳುವುದು ಹೇಗೆಂದೇ ತಿಳಿಯದು. ಕೈಯೆತ್ತಲು ಆಗದೆ ಕುಳಿತೇ ಇದ್ದೆ. ಸಭೆಯಲ್ಲಿ ಗುಜುಗುಜು ಶುರುವಾಯಿತು.

ಅಧ್ಯಕ್ಷರಾಗಿದ್ದ ಹಿರಿಯರು ನಗುತ್ತ, "ಏಳು ವರ್ಷ ಕಲ್ತೀರಂತಲ್ರಿ ಬಾಯಾರ, ತಂಬೂರಿ ಹಿಡಿಯೂದ ಕಲಸಲಿಲ್ಲೇನು ಬುವಾ?" ಎಂದರು.

ಬರೆದುಕೊಂಡು ಹೋದ ಚೀಟಿ ಕೈಯಲ್ಲಿತ್ತು. ಬಾಯಿಗೆ ಬಂದದ್ದು ಬೇರೆ. "ಮುಟ್ಟಲಿಕ್ಕೆ ಬಿಡಲಿಲ್ರಿ. ನಾ ಕೇರಿಯಾಕಿ. ಹೊಸ್ತಿಲ ಹೊರಗ ಕೂಡ್ತಿದ್ದೆ."

ಯಾರೋ ಕೆಮ್ಮಿದರು. ಹಿಂದಿನಿಂದ ಒಬ್ಬರು, "ಈ ಹೊತ್ತಿನ್ಯಾಗ ಅದೆಲ್ಲಾ ಯಾಕ್ರಿ" ಎಂದರು. ಇನ್ನೊಬ್ಬರು ಬುವಾ ಅಂಥವರಲ್ಲ ಎಂದು ಏಳುತ್ತಿದ್ದರು. ಅಷ್ಟರಲ್ಲಿ ಕಾಕು ಎದ್ದು ನಿಂತರು. ಬೋಳು ಹಣೆ, ಕುರ್ಚಿಯ ಬೆನ್ನು ಹಿಡಿದ ಕೈ. "ಆಕಿ ಖರೇ ಹೇಳ್ಯಾಳ. ಚಹಾದ ಗಿಲಾಸ ಮೊಳೀಗೆ ಕಟ್ಟಿದಾಕಿ ನಾನ" ಎಂದು ಕುಳಿತುಬಿಟ್ಟರು.

ಆಮೇಲೆ ನಾನು ಹಾಡಿದೆ. ತಂಬೂರಿ ಇಲ್ಲದೆಯೇ. ಶ್ರುತಿ ಅಲುಗಲಿಲ್ಲ. ಪದ ಅಪ್ಪನದು. ಆದರೆ ಪ್ರತಿ ತಿರುವಿನಲ್ಲೂ ಬುವಾ ಇದ್ದರು. ದೇವರು ಎದ್ದು ಬರುವ ಸಾಲಿನಲ್ಲಿ ಒಂದು ಸ್ವರದ ಕೈಯನ್ನು ಇನ್ನೊಂದರ ಕೈಯಲ್ಲಿ ಕೊಡುವಾಗ ಅವರೇ ನನ್ನ ಗಂಟಲಿನಲ್ಲಿ ಕುಳಿತು ಕೊಟ್ಟಂತಾಯಿತು. ಅವರನ್ನು ತೆಗೆದು ಹೊರಗೆ ಹಾಕಲು ನನಗೆ ಬರಲಿಲ್ಲ. ಸಿಟ್ಟಿನಲ್ಲೂ ಹಾಡುತ್ತಿದ್ದೆ, ದುಃಖದಲ್ಲೂ ಹಾಡುತ್ತಿದ್ದೆ. ಯಾವುದು ಎಷ್ಟು ಎಂದು ಕೇಳಿದರೆ ಹೇಳಲಾರೆ.

ಸಭೆ ಮುಗಿದ ಮೇಲೆ ಕಾಕು ನನ್ನ ಎರಡೂ ಕೈ ಹಿಡಿದುಕೊಂಡರು. "ತಂಬೂರಿ ನೀ ಒಯ್ಯವ್ವಾ" ಎಂದರು. "ನನಗ ಬಾರಸಲಿಕ್ಕೆ ಬರೂದಿಲ್ಲಲ್ಲ ಕಾಕು" ಎಂದೆ. ಅವರ ಕ್ಷಮೆಯನ್ನು ತಳ್ಳಿಹಾಕಬೇಕೆಂದು ಆಡಿದ ಮಾತಲ್ಲ. ಬರುವುದಿಲ್ಲ, ಅಷ್ಟೇ.

ಈಗ ಭಾನುವಾರಗಳಂದು ನಮ್ಮ ವಸ್ತಿಯ ಹೆಣ್ಣುಮಕ್ಕಳು ಐದಾರು ಜನ ನನ್ನಲ್ಲಿ ಹಾಡು ಕಲಿಯಲು ಬರುತ್ತಾರೆ. ಕುಸುಮಾ ಖಡಕಿಯಿಂದ ತನ್ನ ತಂಬೂರಿ ತರುತ್ತಾಳೆ. ಅವಳು ಅವರಿಗೂ ನನಗೂ ಕೂಡಿಯೇ ಮೀಟಲು ಕಲಿಸುತ್ತಿದ್ದಾಳೆ. ಮಧ್ಯದ ಬೆರಳು ಮೊದಲ ತಂತಿಗೆ, ತೋರುಬೆರಳು ಉಳಿದ ಮೂರಕ್ಕೆ. ಹುಡುಗಿಯರ ಬೆರಳು ನನಗಿಂತ ಬೇಗ ಕಲಿಯುತ್ತಿವೆ, ನನ್ನನ್ನು ನೋಡಿ ಕಿಸಕ್ಕೆಂದು ನಗುತ್ತವೆ ಆ ಕತ್ತೆಗಳು. ಹೋದ ವಾರ ಆ ಪದ ಶುರು ಮಾಡಿದೆ. ಒಬ್ಬಳು, ಇದನ್ನು ನಿಮಗೆ ಯಾರು ಕಲಿಸಿದರು ಎಂದು ಕೇಳಿದಳು. ಬುವಾ ಅವರ ಹೆಸರು ಹೇಳಿದೆ, ಕೈ ಕಿವಿಗೆ ಹೋಯಿತು. ಹೋಗಲಿ ಎಂದು ಬಿಟ್ಟೆ. ಅವರು ನನ್ನನ್ನು ಎಲ್ಲಿ ಕೂಡಿಸುತ್ತಿದ್ದರು ಎಂಬುದನ್ನೂ ಹೇಳಿದೆ.

ಪದ ಯಾರದು ಎಂದು ಆ ಹುಡುಗಿ ಮತ್ತೆ ಕೇಳಿದಳು. ಬುವಾ ಯಾವ ಕಛೇರಿಯಲ್ಲೂ ಹೇಳದ ಆ ಹೆಸರನ್ನು ಹೇಳಿದೆ. ಇಲ್ಲಿಯೂ ಬರೆಯುತ್ತೇನೆ. ಆ ಪದ ಮಾರ್ಕೆಟ್ ಯಾರ್ಡಿನ ಹಮಾಲ ದುರಗಪ್ಪನದು, ನಮ್ಮಪ್ಪನದು. ಈ ಒಂದು ಹೆಸರು ಬರೆದು ಪೆನ್ನು ಕೆಳಗಿಟ್ಟೆ, ಕಿವಿ ಮುಟ್ಟಿಕೊಂಡೆ.